ಕೀಲಿಲ್ಲದ ಯಂತ್ರಗಳ ಮೇಷ್ಟರು

ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಡೆ ಮಳೆ ಕೈಕೊಟ್ಟ ವರ್ಷ ರೈತರ ಮನೆಗಳಲ್ಲಿ ನಡೆಯುವ ಮಾತು ಒಂದೇ. ಕೊಳವೆಬಾವಿಯಲ್ಲಿ ಇರುವುದು ಇಷ್ಟೇ ನೀರು. ಕಡಲೆಕಾಯಿ ಎಷ್ಟು, ರಾಗಿ ಎಷ್ಟು? ನಾಲ್ಕು ಎಕರೆ ಹೊಲ, ಆರು ಪಾಲು ನೀರು ಎಂದಿಟ್ಟುಕೊಳ್ಳಿ. ಕಡಲೆಕಾಯಿಗೆ ಎಕರೆಗೆ ಎರಡು ಪಾಲು ನೀರು ಬೇಕು, ಐದು ಸಾವಿರ ಲಾಭ. ರಾಗಿಗೆ ಒಂದು ಪಾಲು ಸಾಕು, ಲಾಭ ಮೂರು ಸಾವಿರ. ಬರೀ ಕಡಲೆಕಾಯಿ ಹಾಕಿದರೆ ಮೂರು ಎಕರೆಗೇ ನೀರು ಮುಗಿದು 15 ಸಾವಿರ ಸಿಗುತ್ತದೆ. ಬರೀ ರಾಗಿಯಾದರೆ 12 ಸಾವಿರ. ಎರಡೆರಡು ಎಕರೆ ಹಂಚಿದರೆ 16 ಸಾವಿರ!

ಎರಡನೇ ಪಿಯುಸಿ ಗಣಿತ ಓದುವವರಿಗೆ ಇದು ಲೀನಿಯರ್ ಪ್ರೋಗ್ರಾಮಿಂಗ್ ಪಾಠ. ಅಮೆರಿಕದ ಜಾರ್ಜ್ ಡಾಂಟ್ಜಿಗ್ 1947ರಲ್ಲಿ ಇಂಥ ಲೆಕ್ಕಗಳನ್ನು ಬಿಡಿಸುವ ಕ್ರಮವೊಂದನ್ನು ಕಂಡುಹಿಡಿದರು. ಇರುವ ಮಿತಿಯೊಳಗೆ ಅತ್ಯುತ್ತಮವಾದದ್ದನ್ನು ಹುಡುಕುವ ಈ ವಿದ್ಯೆಗೆ ಆಪ್ಟಿಮೈಸೇಷನ್ ಎಂದು ಹೆಸರು. ಕನ್ನಡದಲ್ಲಿ 'ಅತ್ಯುತ್ತಮೀಕರಣ' ಎನ್ನುವುದುಂಟು. ನಾಲಿಗೆ ತಡವರಿಸುವ ಮಾತು, ಇಂಗ್ಲಿಷ್ ಪದವೇ ವಾಸಿ.

ಈ ವಿದ್ಯೆಯನ್ನೇ ಹಿಡಿದು ಬದುಕು ಕಟ್ಟಿಕೊಳ್ಳಬಹುದೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಜಿ. ಕೆ. ಅನಂತಸುರೇಶ್ ಅವರ ವೃತ್ತಿಜೀವನ ಇದಕ್ಕೆ ಉತ್ತರ ಕೊಡುತ್ತದೆ.

ಅವರು 1989ರಲ್ಲಿ ಮದ್ರಾಸ್ ಐಐಟಿಯಲ್ಲಿ ಮೆಕ್ಯಾನಿಕಲ್ ಪದವಿ ಮುಗಿಸಿದರು. ಟೊಲೆಡೊ ವಿಶ್ವವಿದ್ಯಾಲಯದಿಂದ 1991ರಲ್ಲಿ ಸ್ನಾತಕೋತ್ತರ ಪದವಿ, ಮಿಷಿಗನ್‌ನಿಂದ 1994ರಲ್ಲಿ ಪಿಎಚ್.ಡಿ., ಆಮೇಲೆ ಎಂಐಟಿಯಲ್ಲಿ ಸಂಶೋಧನೆ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಬೋಧಕರಾದದ್ದು 1996ರಲ್ಲಿ. ಪದವಿಗೂ ಕೆಲಸಕ್ಕೂ ನಡುವೆ ಏಳು ವರ್ಷ! ಜೊತೆಯಲ್ಲಿ ಓದಿದವರು ಸಂಬಳ ತರುತ್ತಿರುವಾಗ ಮಗ ಇನ್ನೂ ಓದುತ್ತಿದ್ದಾನೆ ಎಂದು ಹೇಳಿಕೊಳ್ಳಬೇಕಾದ ತಂದೆ ತಾಯಿಯರು ಈ ಲೆಕ್ಕವನ್ನು ಮೊದಲೇ ತಿಳಿದಿರಬೇಕು.

ಅವರು ಹಿಡಿದ ವಿಷಯ ಸ್ವಾರಸ್ಯದ್ದು. ಅಕ್ಕಸಾಲಿಗರ ಚಿಮಟವನ್ನು ನೋಡಿ. ಒಂದೇ ಪಟ್ಟಿ ಬಾಗಿದೆ, ಕೀಲಿಲ್ಲ, ಮೊಳೆಯಿಲ್ಲ. ಒತ್ತಿದರೆ ಹಿಡಿಯುತ್ತದೆ, ಬಿಟ್ಟರೆ ಬಿಚ್ಚಿಕೊಳ್ಳುತ್ತದೆ. ಶ್ಯಾಂಪೂ ಬಾಟಲಿಯ ಮುಚ್ಚಳವೂ ಹಾಗೆಯೇ, ತೆಳುವಾದ ಪ್ಲಾಸ್ಟಿಕ್ಕೇ ಬಾಗಿ ಕೀಲಿನ ಕೆಲಸ ಮಾಡುತ್ತದೆ. ಬಾಗುವುದರಿಂದಲೇ ಕೆಲಸ ಮಾಡುವ ಇಂಥ ಸಾಧನಗಳಿಗೆ ಕಂಪ್ಲಯಂಟ್ ಮೆಕ್ಯಾನಿಸಂ ಎನ್ನುತ್ತಾರೆ. ಕೂದಲೆಳೆಗಿಂತ ಸಣ್ಣ ಭಾಗಗಳುಳ್ಳ ಸಿಲಿಕಾನ್ ಯಂತ್ರಗಳಲ್ಲಿ ಮೊಳೆ, ತಿರುಗಣೆ ಜೋಡಿಸುವುದು ಬಲು ಕಷ್ಟ. ಅಲ್ಲಿ ಇವುಗಳಿಗೆ ಬೆಲೆ ಹೆಚ್ಚು.

ಆದರೆ ಆಕಾರ ಹೇಗಿರಬೇಕು? ಬಾಗುವಷ್ಟು ಮೃದು ಇರಬೇಕು, ಭಾರ ಹೊರುವಷ್ಟು ಗಡುಸೂ ಇರಬೇಕು. ಒಂದು ಹೆಚ್ಚಿಸಿದರೆ ಇನ್ನೊಂದು ಕೆಡುತ್ತದೆ. ಡೆನ್ಮಾರ್ಕಿನ ಬೆಂಡ್ಸೊ, ಮಿಷಿಗನ್‌ನ ಕಿಕುಚಿ 1988ರಲ್ಲಿ ದಾರಿಯೊಂದನ್ನು ತೋರಿಸಿದ್ದರು. ಜಾಗವನ್ನು ಸಾವಿರಾರು ಪುಟ್ಟ ಚೌಕಗಳಾಗಿ ಒಡೆದು, ಯಾವುದರಲ್ಲಿ ವಸ್ತು ಇರಬೇಕು, ಯಾವುದು ಖಾಲಿ ಬಿಡಬೇಕು ಎಂಬುದನ್ನು ಕಂಪ್ಯೂಟರಿನಿಂದಲೇ ಹುಡುಕಿಸುವುದು. ಆ ವಿಧಾನ ಗಟ್ಟಿ ರಚನೆಗಳಿಗಾಗಿ ಹುಟ್ಟಿದ್ದು. ಅದನ್ನು ಬಾಗುವ ಯಂತ್ರಗಳಿಗೆ ತಿರುಗಿಸಿದ ಮೊದಲಿಗರಲ್ಲಿ ಅನಂತಸುರೇಶ್ ಒಬ್ಬರು. ಅವರ ಮಾರ್ಗದರ್ಶಕ ಶ್ರೀಧರ ಕೋಟ ಮತ್ತು ಕಿಕುಚಿ ಇಬ್ಬರೂ ಜೊತೆಗಿದ್ದರು. ಬುಕ್ಕಾಪಟ್ಟಣದ ಹೊಲದಲ್ಲಿ ಎರಡೇ ಪ್ರಶ್ನೆ. ಇಲ್ಲಿ ಚೌಕಕ್ಕೊಂದು ಪ್ರಶ್ನೆ.

ಅಮೆರಿಕದಲ್ಲಿ ನೆಲೆ ಸಿಕ್ಕಿದ್ದರೂ 2004ರಲ್ಲಿ ಅವರು ಬೆಂಗಳೂರಿಗೆ ಬಂದು ವಿಜ್ಞಾನ ಸಂಸ್ಥೆ ಸೇರಿದರು. ಜೀವಕೋಶವನ್ನು ಮೆಲ್ಲಗೆ ಹಿಡಿದು, ಹಿಡಿತದ ಬಲವನ್ನು ಚಿತ್ರದಿಂದಲೇ ಅಳೆಯುವ ಪುಟ್ಟ ಚಿಮಟಗಳು ಅವರ ಪ್ರಯೋಗಾಲಯದಲ್ಲಿ ರೂಪುಗೊಂಡವು. 2010ರಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು. ಮೆಕ್ಯಾನಿಕಲ್ ಎಂದರೆ ಗ್ರೀಸು, ಗ್ಯಾರೇಜು ಎಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮಕ್ಕಳಿಗೆ ದಾರಿ ಯಾವುದು? ಐಐಟಿಯೇ ಆಗಬೇಕೆಂದಿಲ್ಲ. 1963ರಲ್ಲಿ ಆರಂಭವಾದ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ ಹತ್ತಿರದಲ್ಲೇ ಇದೆ. ಪದವಿಯ ನಂತರ ಗೇಟ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ವಿಜ್ಞಾನ ಸಂಸ್ಥೆಯಲ್ಲಿ ಎಂ.ಟೆಕ್. ಅಥವಾ ಪಿಎಚ್.ಡಿ.ಗೆ ಪ್ರಯತ್ನಿಸಬಹುದು, ಸಂಶೋಧನಾ ವಿದ್ಯಾರ್ಥಿಗೆ ಶಿಷ್ಯವೇತನವೂ ಉಂಟು. ಕಲನಶಾಸ್ತ್ರ, ಮಾತೃಕೆಗಳು, ಸಂಭವನೀಯತೆ ಗಟ್ಟಿಯಾಗಿರಬೇಕು. ಉರು ಹೊಡೆದವರಿಗೆ ಇಲ್ಲಿ ಜಾಗವಿಲ್ಲ.

ಕೆಲಸ ಪಾಠದ ಕೋಣೆಯಲ್ಲೇ ಮುಗಿಯುವುದೂ ಇಲ್ಲ. 2018ರಲ್ಲಿ ಉದ್ಘಾಟನೆಯಾದ ಪಾವಗಡದ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ತಿರುಮಣಿ, ವಳ್ಳೂರಿನ ಮೇಲೆ ಮೋಡ ಕವಿದರೆ ಆ ಕೊರತೆಯನ್ನು ಎಲ್ಲಿಂದ, ಎಷ್ಟು ಖರ್ಚಿನಲ್ಲಿ ತುಂಬಬೇಕು ಎಂಬುದೂ ಇದೇ ಲೆಕ್ಕ.

ಅನಂತಸುರೇಶ್ ಅವರ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಇಂಗ್ಲಿಷಿನಲ್ಲಿವೆ, ಅದೊಂದು ತೊಡಕು. ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಸಲ ಚಿತ್ರ, ಸಮೀಕರಣಗಳನ್ನು ಮಾತ್ರ ಬರೆದುಕೊಂಡು, ಎರಡನೇ ಸಲ ಮಾತಿಗೆ ಕಿವಿಗೊಡುವುದು ಒಳ್ಳೆಯದು.