ಶಾಲಾರಂಭದ ಖರೀದಿ: ಮುಂಬಯಿಯಲ್ಲಿ ಯಾವುದನ್ನು ಎಲ್ಲಿ ಕೊಳ್ಳಬೇಕು?

ಮೇ ತಿಂಗಳು ಮುಗಿಯುತ್ತ ಬಂದಂತೆ ಊರಿಗೆ ಹೋದ ಕುಟುಂಬಗಳು ಒಂದೊಂದಾಗಿ ಮುಂಬಯಿಗೆ ಮರಳುತ್ತವೆ. ಮದುವೆ, ಪೂಜೆ, ಪ್ರಯಾಣಗಳ ಖರ್ಚು ತೀರುವ ಮೊದಲೇ ಮಕ್ಕಳ ಶಾಲೆಯ ಪಟ್ಟಿ ಕೈಸೇರುತ್ತದೆ. ಮಹಾರಾಷ್ಟ್ರದಲ್ಲಿ ರಾಜ್ಯ ಮಂಡಳಿಯ ಶಾಲೆಗಳು ಜೂನ್ ನಡುಭಾಗದಲ್ಲಿ ತೆರೆಯುವುದು ರೂಢಿ. ಮಳೆಗಾಲವೂ ಅದೇ ಹೊತ್ತಿಗೆ ಕಾಲಿಡುವುದರಿಂದ ಪುಸ್ತಕ, ಸಮವಸ್ತ್ರಗಳ ಜತೆಗೆ ಕೊಡೆ, ರೇನ್‌ಕೋಟುಗಳೂ ಅದೇ ವಾರದ ಖರ್ಚಿಗೆ ಸೇರುತ್ತವೆ. ಇಬ್ಬರು ಮಕ್ಕಳಿದ್ದು ಒಬ್ಬರೇ ದುಡಿಯುವ ಮನೆಗೆ ಇದು ಸಣ್ಣ ಹೊರೆಯಲ್ಲ. ಮನೆಯ ಬಳಿಯ ಒಂದೇ ಅಂಗಡಿಯಲ್ಲಿ ಎಲ್ಲವನ್ನೂ ಕೊಂಡರೆ ಸಮಯ ಉಳಿದೀತು, ಹಣ ಉಳಿಯದು. ಹಾಗೆಂದು ಎಲ್ಲವನ್ನೂ ದೂರದ ಪೇಟೆಯಿಂದ ಹೊತ್ತು ತಂದರೂ ಲಾಭ ಖಚಿತವಲ್ಲ. ಯಾವ ವಸ್ತುವನ್ನು ಎಲ್ಲಿ, ಎಷ್ಟು ಮಂದಿ ಸೇರಿ ಕೊಳ್ಳುತ್ತೇವೆ ಎಂಬುದರ ಮೇಲೆ ಉಳಿತಾಯ ನಿಂತಿದೆ.

ಕೊಳ್ಳುವ ಮುನ್ನ ಉಚಿತವಾಗಿ ದೊರೆಯುವುದೇನೆಂದು ತಿಳಿಯುವುದು ಮೊದಲ ಹೆಜ್ಜೆ. ಬೃಹನ್ಮುಂಬಯಿ ಮಹಾನಗರ ಪಾಲಿಕೆಯು ಮರಾಠಿ, ಹಿಂದಿ, ಉರ್ದು ಮೊದಲಾದವುಗಳ ಜತೆಗೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತದೆ. ಪಾಲಿಕೆಯ ಶಾಲಾ ಮಕ್ಕಳಿಗೆ ಸಮವಸ್ತ್ರ, ಪಾಟಿಚೀಲ, ನೋಟ್ ಪುಸ್ತಕ ಸೇರಿದಂತೆ 27 ಬಗೆಯ ಶಾಲಾ ಸಾಮಗ್ರಿಗಳನ್ನು ಉಚಿತವಾಗಿ ಕೊಡುವ ಯೋಜನೆಯಿದೆ. ಸರಕಾರಿ, ಪಾಲಿಕೆ ಹಾಗೂ ಅನುದಾನಿತ ಶಾಲೆಗಳ 1ರಿಂದ 8ನೆಯ ತರಗತಿಯ ಮಕ್ಕಳಿಗೆ ಪಠ್ಯಪುಸ್ತಕಗಳು ಉಚಿತ. ಆದ್ದರಿಂದ ಇಂಥ ಶಾಲೆಗಳ ಪಾಲಕರು ಯಾವ ವಸ್ತು ಎಂದು ಕೈಸೇರುವುದೆಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಂಡ ಬಳಿಕವೇ ಪೇಟೆಗೆ ಹೊರಡುವುದು ಲೇಸು. 1967ರಲ್ಲಿ ಸ್ಥಾಪನೆಗೊಂಡು ಪುಣೆಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಬಾಲಭಾರತಿ ಸಂಸ್ಥೆಯು ಕನ್ನಡ ಮಾಧ್ಯಮದ ಪಠ್ಯಗಳನ್ನೂ ಮುದ್ರಿಸುತ್ತದೆ. ಆದರೆ ಅವು ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ. 9 ಮತ್ತು 10ನೆಯ ತರಗತಿಯ ಕನ್ನಡ ಪುಸ್ತಕಗಳಿಗಾಗಿ ಅಂಗಡಿಯಿಂದ ಅಂಗಡಿಗೆ ಅಲೆಯುವುದಕ್ಕಿಂತ ಶಾಲೆಯ ಮೂಲಕವೇ ಒಟ್ಟಾಗಿ ತರಿಸಿಕೊಳ್ಳುವುದು ಸುಲಭ.

ನೋಟ್ ಪುಸ್ತಕ, ಪೆನ್ಸಿಲು, ಕಂಪಾಸು ಪೆಟ್ಟಿಗೆ, ಬೈಂಡು ಹಾಕುವ ಕಂದು ಕಾಗದಗಳಿಗೆ ಹೆಸರಾದದ್ದು ಕ್ರಾಫರ್ಡ್ ಮಾರುಕಟ್ಟೆಯ ಎದುರಿನ ಅಬ್ದುಲ್ ರೆಹಮಾನ್ ಬೀದಿ. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಲ್ಲಿ ಇಳಿದರೆ ನಡೆದೇ ಹೋಗಬಹುದು. ಇಲ್ಲಿಯದು ಮುಖ್ಯವಾಗಿ ಡಜನ್ ಲೆಕ್ಕದ ಸಗಟು ವ್ಯಾಪಾರ. ಬಿಡಿಯಾಗಿ ನಾಲ್ಕು ಪುಸ್ತಕ ಕೇಳಿದವರಿಗೆ ಸಗಟು ದರ ಸಿಗುವುದಿಲ್ಲ. ರೈಲು ಪ್ರಯಾಣದ ವೆಚ್ಚ, ಅರ್ಧ ದಿನದ ಅಲೆದಾಟಗಳನ್ನು ಕೂಡಿಸಿದರೆ ಬಡಾವಣೆಯ ಅಂಗಡಿಯೇ ಅಗ್ಗವೆನಿಸಬಹುದು. ಒಂದೇ ಕಟ್ಟಡದ ಮೂರು ನಾಲ್ಕು ಮನೆಗಳವರು ಪಟ್ಟಿಗಳನ್ನು ಕೂಡಿಸಿ ಇಬ್ಬರನ್ನು ಕಳುಹಿಸಿದರೆ ಮಾತ್ರ ನಿಜವಾದ ಉಳಿತಾಯ. ಬಹುಪಾಲು ಸಗಟು ಅಂಗಡಿಗಳು ಭಾನುವಾರ ಮುಚ್ಚಿರುತ್ತವೆ. ಶಾಲೆ ತೆರೆಯುವ ಹಿಂದಿನ ವಾರದಲ್ಲಿ ಅಲ್ಲಿ ಕಾಲಿಡಲೂ ಜಾಗವಿರುವುದಿಲ್ಲವಾದ್ದರಿಂದ ಮೇ ತಿಂಗಳ ವಾರದ ದಿನವೊಂದರ ಬೆಳಗಿನ ಹೊತ್ತು ಪ್ರಶಸ್ತ.

ನೋಟ್ ಪುಸ್ತಕ ಕೊಳ್ಳುವಾಗ ಮುದ್ರಿತ ಬೆಲೆಯ ಮೇಲೆ ಎಷ್ಟು ರಿಯಾಯಿತಿ ಎಂಬುದನ್ನಷ್ಟೇ ನೋಡಬಾರದು. ಪುಟಗಳ ಸಂಖ್ಯೆ, ಪುಸ್ತಕದ ಅಳತೆ, ಕಾಗದದ ದಪ್ಪಗಳನ್ನು ಹೋಲಿಸಬೇಕು. ಶಾಯಿ ಹಿಂಬದಿಗೆ ಮೂಡುವಷ್ಟು ತೆಳುವಾದ ಕಾಗದದಲ್ಲಿ ಮಗು ಒಂದೇ ಬದಿ ಬರೆದರೆ ಅಗ್ಗದ ಪುಸ್ತಕವೇ ದುಬಾರಿಯಾದಂತೆ. 2025ರ ಸೆಪ್ಟೆಂಬರ್ 22ರಿಂದ ನೋಟ್ ಪುಸ್ತಕ, ಪೆನ್ಸಿಲು, ರಬ್ಬರು, ಶಾರ್ಪನರ್, ಕ್ರೇಯಾನ್, ನಕಾಶೆಗಳ ಮೇಲೆ ಜಿ.ಎಸ್.ಟಿ. ಇಲ್ಲ, ಕಂಪಾಸು ಪೆಟ್ಟಿಗೆಯ ತೆರಿಗೆ ಶೇ. 12ರಿಂದ 5ಕ್ಕೆ ಇಳಿದಿದೆ. ರಶೀದಿಯಲ್ಲಿ ನೋಟ್ ಪುಸ್ತಕಕ್ಕೆ ತೆರಿಗೆ ಸೇರಿಸಿದ್ದರೆ ಪ್ರಶ್ನಿಸಲು ನಮಗೆ ಹಕ್ಕಿದೆ.

ಹಳೆಯ ಪಠ್ಯಪುಸ್ತಕಗಳನ್ನು ಅರಸುವವರಿಗೆ ಮಾಟುಂಗಾದ ಕಿಂಗ್ಸ್ ಸರ್ಕಲ್‌ನಲ್ಲಿ, ಮಹೇಶ್ವರಿ ಉದ್ಯಾನದ ಬಳಿಯ ಪಾದಚಾರಿ ಮಾರ್ಗದ ಮಳಿಗೆಗಳು ಪರಿಚಿತ. ಅಲ್ಲಿ ಚೌಕಾಸಿ ಮಾಡದೆ ಕೊಳ್ಳಬಾರದು. ಆವೃತ್ತಿ ನೋಡದೆಯಂತೂ ಕೊಳ್ಳಲೇಬಾರದು. ಎನ್.ಸಿ.ಇ.ಆರ್.ಟಿ.ಯು 2024ರಲ್ಲಿ 3 ಮತ್ತು 6ನೆಯ ತರಗತಿಗಳಿಗೂ, 2025ರಲ್ಲಿ 4, 5, 7 ಮತ್ತು 8ನೆಯ ತರಗತಿಗಳಿಗೂ ಹೊಸ ಪುಸ್ತಕಗಳನ್ನು ತಂದಿತು. ಈ ತರಗತಿಗಳ ಹಿಂದಿನ ಪುಸ್ತಕ ಎಷ್ಟು ಅಗ್ಗವಾಗಿ ಸಿಕ್ಕರೂ ಪ್ರಯೋಜನವಿಲ್ಲ. ನಿಘಂಟು, ಅಟ್ಲಾಸು, ವ್ಯಾಕರಣ ಪುಸ್ತಕಗಳಿಗೆ ಈ ಭಯ ಕಡಿಮೆ.

ಸಮವಸ್ತ್ರದ ಬಟ್ಟೆಯನ್ನು ಕ್ರಾಫರ್ಡ್ ಮಾರುಕಟ್ಟೆಯ ಸಮೀಪದ ಮಂಗಲದಾಸ್ ಮಾರುಕಟ್ಟೆಯಲ್ಲಿ ಕೊಂಡು ಪರಿಚಿತ ದರ್ಜಿಯಿಂದ ಹೊಲಿಸಬಹುದು. ಬೆಳೆಯುವ ಮಗುವಿಗೆ ಅಂಚಿನಲ್ಲಿ ಎರಡು ಅಂಗುಲ ಮಡಿಸಿ ಹೊಲಿಸಿದರೆ ಮರುವರ್ಷವೂ ನಡೆಯುತ್ತದೆ. ಪಾದರಕ್ಷೆಗೆ ಚೆಂಬೂರು-ಕುರ್ಲಾ ಬದಿಯ ಠಕ್ಕರ್ ಬಾಪಾ ಕಾಲನಿ ಹೆಸರಾದದ್ದು. ಬೂಟುಗಳನ್ನು ತಯಾರಿಸುವ ಕುಶಲಕರ್ಮಿಗಳು ಅಲ್ಲಿಯೇ ಇದ್ದಾರೆ. ಪಾಟಿಚೀಲ ಆರಿಸುವಾಗ ಅಂದಕ್ಕಿಂತ ಹೊಲಿಗೆ ಮುಖ್ಯ, ಚೀಲದ ಸ್ವಂತ ತೂಕವೂ ಮುಖ್ಯ. 2020ರ ರಾಷ್ಟ್ರೀಯ ಶಾಲಾ ಚೀಲ ನೀತಿಯ ಪ್ರಕಾರ ಪುಸ್ತಕ ತುಂಬಿದ ಚೀಲವು ಮಗುವಿನ ದೇಹತೂಕದ ಶೇ. 10ನ್ನು ಮೀರಬಾರದು.

ಕೆಲವು ಖಾಸಗಿ ಶಾಲೆಗಳು ಇಂಥದೇ ಅಂಗಡಿಯಲ್ಲಿ ಕೊಳ್ಳಬೇಕೆಂದು ಒತ್ತಾಯಿಸುವುದುಂಟು. ಆಯ್ದ ಮಾರಾಟಗಾರರಲ್ಲೇ ಕೊಳ್ಳುವಂತೆ ಪಾಲಕರನ್ನು ಒತ್ತಾಯಿಸಬಾರದೆಂದು ಸಿ.ಬಿ.ಎಸ್.ಇ. ತನ್ನ ಶಾಲೆಗಳಿಗೆ 2017ರ ಏಪ್ರಿಲ್‌ನಲ್ಲಿ ಸೂಚಿಸಿತ್ತು. ಒಬ್ಬ ಪಾಲಕರು ಹೋಗಿ ಕೇಳಿದರೆ ಸಿಗದ ಉತ್ತರ, ಪಾಲಕರ ಸಭೆಯಲ್ಲಿ ಹತ್ತು ಮಂದಿ ವಿನಯದಿಂದ ಕೇಳಿದಾಗ ಸಿಗುವುದುಂಟು.

ನಮ್ಮ ಸಂಘ-ಸಂಸ್ಥೆಗಳು ವರ್ಷವರ್ಷವೂ ಉಚಿತ ನೋಟ್ ಪುಸ್ತಕ ವಿತರಣೆಯ ಕಾರ್ಯಕ್ರಮಗಳನ್ನು ನಡೆಸಿಕೊಂಡು ಬಂದಿವೆ. ಇದು ಅಭಿನಂದನೀಯ. ಆದರೆ ಅನೇಕ ಕಡೆ ವಿತರಣೆ ನಡೆಯುವುದು ಜುಲೈ, ಆಗಸ್ಟ್ ತಿಂಗಳಲ್ಲಿ. ಅಷ್ಟರಲ್ಲಿ ಸಾಲ ಮಾಡಿಯಾದರೂ ತಂದೆ ತಾಯಿ ಪುಸ್ತಕ ಕೊಂಡಾಗಿರುತ್ತದೆ. ಅದೇ ಪುಸ್ತಕಗಳು ಜೂನ್ ಮೊದಲ ವಾರದಲ್ಲಿ ತಲುಪಿದರೆ ಅದೇ ಹಣಕ್ಕೆ ಇಮ್ಮಡಿ ಬೆಲೆ ಬರುತ್ತದೆ. ವೇದಿಕೆಗೆ ಬಂದು ಕೈಯೊಡ್ಡಲು ಹಿಂಜರಿಯುವ ಮನೆಗಳು ನಮ್ಮಲ್ಲೇ ಇವೆ. ಅಂಥವರಿಗೆ ಶಾಲೆಯ ಶಿಕ್ಷಕರ ಮೂಲಕ ಸದ್ದಿಲ್ಲದೆ ತಲುಪಿಸಬಹುದು. ಕೊಳ್ಳುವ ಶಕ್ತಿಯುಳ್ಳ ಸದಸ್ಯರಿಗಾಗಿಯೂ ಸಂಘವು ಏಪ್ರಿಲ್‌ನಲ್ಲಿ ಬೇಡಿಕೆ ಪಟ್ಟಿ ಸಂಗ್ರಹಿಸಿ, ಮೇ ತಿಂಗಳಲ್ಲಿ ಒಟ್ಟಾಗಿ ಖರೀದಿಸಿ, ಅಸಲು ದರಕ್ಕೆ ಹಂಚಬಹುದು. ಸಗಟು ಪೇಟೆ ಒಂದು ಮನೆಗೆ ಕೊಡದ ದರವನ್ನು ಐವತ್ತು ಮನೆಗಳಿಗೆ ಕೊಡುತ್ತದೆ. ಈ ವರ್ಷ ಒಂದು ಬಡಾವಣೆಯ ಸದಸ್ಯರಿಂದಾದರೂ ಇದು ಆರಂಭವಾಗಲಿ.