ಪೌತಿ ಖಾತೆಯ ದಾರಿಯಲ್ಲಿ ಲಂಚ ಎಲ್ಲಿ ಹುಟ್ಟುತ್ತದೆ?

ಮೈಸೂರು ಜಿಲ್ಲೆಯ ಕಳಲೆಯ ರೈತರೊಬ್ಬರು ತೀರಿಕೊಂಡರು ಎಂದುಕೊಳ್ಳಿ. ಗದ್ದೆ ಮಕ್ಕಳ ಹೆಸರಿಗೆ ಬರಲು ಪೌತಿ ಖಾತೆ ಆಗಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ ಜೋಡಿಸಿ ನಾಡಕಚೇರಿಗೆ ಅರ್ಜಿ ಕೊಡಬೇಕು. ಆಮೇಲೆ ಗ್ರಾಮ ಆಡಳಿತ ಅಧಿಕಾರಿಯ ವರದಿ, ತಕರಾರಿಗೆ ಗಡುವು, ಕಂದಾಯ ನಿರೀಕ್ಷಕರ ಆದೇಶ. ಖಾತೆಯಾಗದೆ ಸೊಸೈಟಿಯಲ್ಲಿ ಬೆಳೆಸಾಲ ಹುಟ್ಟುವುದು ಕಷ್ಟ. ಮಧ್ಯವರ್ತಿಗೆ ಗೊತ್ತಿರುವುದು ಈ ಅವಸರವೇ. ‘ಸ್ವಲ್ಪ ಖರ್ಚಾಗುತ್ತೆ ಅಣ್ಣ, ಹದಿನೈದು ದಿನದಲ್ಲಿ ಮಾಡಿಸಿಕೊಡ್ತೀನಿ’ ಎನ್ನುತ್ತಾನೆ. ಕಾನೂನಿನಂತೆ ಹೇಗೂ ಸಿಗಬೇಕಾದ್ದನ್ನೇ ಅವನು ಮಾರುತ್ತಿರುತ್ತಾನೆ.

‘ಭೂಮಿ’ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಏರಿದಾಗ, ಅದರ ಪ್ರತಿಗಾಗಿ ಶಾನುಭೋಗರ ಹಿಂದೆ ಅಲೆಯುವುದು ತಪ್ಪಿತು. ಆದರೆ ಖಾತೆ, ಪೋಡಿ, ಅಳತೆಗಳಲ್ಲಿ ಒಬ್ಬ ಮನುಷ್ಯ ಬಂದು ನೋಡಿ ವರದಿ ಬರೆಯಲೇಬೇಕು. ವಸೂಲಿ ಅಲ್ಲಿಯೇ ಉಳಿಯಿತು. ಸೋವಿಯತ್ ಒಕ್ಕೂಟದಿಂದ ಹೊರಬಂದ ಜಾರ್ಜಿಯಾ ದೇಶ 2003ರ ಕ್ರಾಂತಿಯ ನಂತರ, ಲಂಚ ತಡೆಯಲು ಸಂಚಾರ ಪೊಲೀಸರನ್ನು ಸಾರಾಸಗಟಾಗಿ ಮನೆಗೆ ಕಳಿಸಿ ಹೊಸಬರನ್ನು ನೇಮಿಸಿತು. ನಮ್ಮಲ್ಲಿ ಅಂಥದ್ದು ನಡೆದಿಲ್ಲ. ಅರ್ಜಿದಾರನ ಕೈಗೆ ಕೊಟ್ಟಿರುವುದು ಗಡುವನ್ನು.

ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ, 2012ರಿಂದ ಜಾರಿಯಲ್ಲಿರುವ ‘ಸಕಾಲ’ದಲ್ಲಿ ಅರ್ಜಿ ಸ್ವೀಕೃತಿಗೆ 15 ಅಂಕಿಯ ಸಂಖ್ಯೆ ಸಿಗುತ್ತದೆ. ಅದನ್ನು ಕೇಳಿ ಪಡೆಯದೆ ಕೌಂಟರ್ ಬಿಟ್ಟು ಬರಬೇಡಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ ಪರಿಹಾರವಿದೆ. ಮೊತ್ತ ಸಣ್ಣದು, ನಿಜ. ಆದರೆ ಮೇಲ್ಮನವಿ ಹೋದರೆ ಕಡತ ಯಾರ ಮೇಜಿನ ಮೇಲೆ ಕೂತಿತ್ತು ಎಂಬುದು ಮೇಲಧಿಕಾರಿಯ ಕಣ್ಣಿಗೆ ಬೀಳುತ್ತದೆ. ಲಂಚ ಕೇಳುವವನಿಗೆ ಬೇಡವಾದದ್ದು ಅದೇ.

ಬಾಯಿಬಿಟ್ಟು ಹಣ ಕೇಳಿದರೆ ಕೊಡುವ ಮೊದಲೇ ಮೈಸೂರಿನ ಲೋಕಾಯುಕ್ತ ಪೊಲೀಸರಿಗೆ ದೂರು ಕೊಡಿ. ನೋಟಿನ ಸಂಖ್ಯೆ ಬರೆದುಕೊಂಡು, ಫಿನಾಲ್ಫ್ಥಲೀನ್ ಪುಡಿ ಸವರಿ ನಿಮ್ಮ ಕೈಗೆ ಕೊಡುತ್ತಾರೆ. ಅದನ್ನು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ತೊಳೆದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಷ್ಟರಿಂದಲೇ ಶಿಕ್ಷೆಯಾಗದು, ಹಣ ಕೇಳಿದ್ದೂ ಸಾಬೀತಾಗಬೇಕು. ಆದ್ದರಿಂದ ಸಾಕ್ಷಿಗಳಾಗಿ ಬಂದ ಪಂಚರಲ್ಲಿ ಒಬ್ಬರು ನಿಮ್ಮ ಜೊತೆಗಿದ್ದು ಮಾತು ಕೇಳಿಸಿಕೊಳ್ಳುತ್ತಾರೆ.

ಬೇರೆ ದಾರಿಯಿಲ್ಲದೆ ಈಗಾಗಲೇ ಕೊಟ್ಟುಬಿಟ್ಟಿದ್ದೀರಾ? ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವವರೂ ಅಪರಾಧಿಗಳೇ. ಒತ್ತಾಯಕ್ಕೆ ಕೊಟ್ಟವರು ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಮಾತ್ರ ವಿನಾಯಿತಿ.