ಚಿರತೆಯೋ, ಚೀತಾವೋ?

2023ನೆಯ ನವೆಂಬರ್ ತಿಂಗಳ ಮೊದಲ ವಾರ. ಬೆಂಗಳೂರಿನ ದಕ್ಷಿಣಕ್ಕಿರುವ ಬೊಮ್ಮನಹಳ್ಳಿಯ ಕಡೆ ಕಾಣಿಸಿಕೊಂಡಿದ್ದ ಚಿರತೆಯೊಂದು, 1ನೆಯ ತಾರೀಖು ಸೆರೆಹಿಡಿಯುವ ಪ್ರಯತ್ನದಲ್ಲಿ ಸತ್ತಿತ್ತು. ನಗರದ ಉತ್ತರದಲ್ಲಿರುವ ನಮ್ಮ ಅಮೃತಹಳ್ಳಿಗೂ ಆ ಭಯ ಬಂದು ಮುಟ್ಟಿತು. “ಕೆರೆಯ ಹತ್ತಿರ ಚೀತಾ ಬಂದಿದೆ, ಆಫ್ರಿಕದಿಂದ ತಂದದ್ದು ತಪ್ಪಿಸಿಕೊಂಡಿದೆ” ಎಂಬ ಸುದ್ದಿ ಒಂದು ಸಂಜೆ ಮೊಬೈಲುಗಳಲ್ಲಿ ಹರಡಿತು. ದೊಣ್ಣೆ, ಕಲ್ಲು ಹಿಡಿದು ಹೊರಟ ಹುಡುಗರಲ್ಲಿ ನಾನೂ ಒಬ್ಬ. ಕತ್ತಲಲ್ಲಿ ಪೊದೆ ಅಲುಗಿತು. ನಾವು ಕಲ್ಲು ಬೀರಿದೆವು. ಈಚೆಗೆ ತೆವಳಿಕೊಂಡು ಬಂದದ್ದು ಒಂದು ಪುನುಗು ಬೆಕ್ಕು! ಅದರ ಹಿಂಗಾಲು ಮುರಿದಿತ್ತು.

ಮನೆಗೆ ಬಂದಾಗ ನಮ್ಮ ಅಜ್ಜಿ ಕೇಳಿದರು: “ಈ ಸೀಮೆಗೆ ಬರೋದು ಕಿರುಬ ಕಣೋ. ಅದ್ಯಾವುದೋ ಚೀತಾ ಎಲ್ಲಿಂದ ಬರ್ತದೆ?” ಅಜ್ಜಿಯ ಮಾತಿನಲ್ಲಿ ಕಿರುಬ ಎಂದರೆ ಚಿರತೆಯೇ. ಅವರ ಪ್ರಶ್ನೆಗೆ ಉತ್ತರವನ್ನು ನಾನು ಆಮೇಲೆ ಹುಡುಕಿದೆ.

ಚಿರತೆ, ಚೀತಾ ಇವೆರಡೂ ಬೇರೆ ಬೇರೆ ಪ್ರಾಣಿಗಳು. ಹೆಸರುಗಳ ಉಚ್ಚಾರ ಹತ್ತಿರವಾದುದರಿಂದ ಜನರು ಒಂದನ್ನು ಇನ್ನೊಂದೆಂದು ತಿಳಿಯುತ್ತಾರೆ. ಚೀತಾಕ್ಕೆ ಸಿವಂಗಿ ಎಂಬ ಹೆಸರೂ ಉಂಟು. ಒಂದು ಕಾಲದಲ್ಲಿ ಅದು ನಮ್ಮ ದೇಶದ್ದೇ ಪ್ರಾಣಿ. ರಾಜರು ಅದನ್ನು ಪಳಗಿಸಿ ಜಿಂಕೆಯ ಬೇಟೆಗೆ ಬಳಸುತ್ತಿದ್ದರು. 1947ರಲ್ಲಿ ಈಗಿನ ಛತ್ತೀಸಗಡದ ಕೊರಿಯಾದಲ್ಲಿ ಕೊನೆಯ ಮೂರು ಗುಂಡಿಗೆ ಬಲಿಯಾದವು. 1952ರಲ್ಲಿ ಈ ಸಂತತಿ ಭಾರತದಲ್ಲಿ ನಶಿಸಿತೆಂದು ಸರಕಾರ ಸಾರಿತು. 2022ರಲ್ಲಿ ನಮೀಬಿಯದಿಂದ 8, 2023ರಲ್ಲಿ ದಕ್ಷಿಣ ಆಫ್ರಿಕದಿಂದ 12 ಚೀತಾಗಳನ್ನು ತಂದು ಮಧ್ಯಪ್ರದೇಶದ ಕುನೋ ಅರಣ್ಯದಲ್ಲಿ ಇರಿಸಿದರು. ಅಲ್ಲಿಂದ ನಮ್ಮೂರಿಗೆ ಸಾವಿರ ಕಿಲೋಮೀಟರಿಗೂ ಮಿಕ್ಕ ದೂರ!

ಗುರುತಿಸುವುದು ಕಷ್ಟವಲ್ಲ. ಚೀತಾದ ಮೈಮೇಲೆ ತುಂಬಿದ ಕಪ್ಪು ಬೊಟ್ಟುಗಳು; ಕಣ್ಣಿನಿಂದ ಬಾಯಿಯವರೆಗೆ ಕಣ್ಣೀರಿನಂತೆ ಇಳಿದ ಕಪ್ಪು ಗೆರೆ. ಚಿರತೆಗೆ ಈ ಗೆರೆಯಿಲ್ಲ. ಅದರ ಬೆನ್ನಿನ ಮಚ್ಚೆಗಳು ಹೂವಿನ ಎಸಳಿನಂತೆ ಗುಂಪಾಗಿರುತ್ತವೆ. ಚಿರತೆ ನಡೆಯುವಾಗ ಉಗುರನ್ನು ಒಳಗೆಳೆದುಕೊಳ್ಳುವುದರಿಂದ ಹೆಜ್ಜೆಯಲ್ಲಿ ಉಗುರಿನ ಗುರುತು ಸಾಮಾನ್ಯವಾಗಿ ಮೂಡದು. ನಾಯಿಯ ಹೆಜ್ಜೆಯಲ್ಲಿ ಮೂಡುತ್ತದೆ. ಚೀತಾದ ಹೆಜ್ಜೆಯಲ್ಲಿಯೂ ಮೂಡುತ್ತದೆ. ಕಬಿನಿಯ ಕಾಡಿನಲ್ಲಿ ಪ್ರಸಿದ್ಧವಾದ ಕರಿಚಿರತೆಯೂ ಬೇರೆ ಜಾತಿಯದಲ್ಲ. ಬಣ್ಣ ಮಾತ್ರ ಕಪ್ಪಾದ ಚಿರತೆ.

ಇಂಥ ವದಂತಿ ನಮ್ಮಲ್ಲಿ ಮಾತ್ರ ಹುಟ್ಟುವುದೆಂದು ತಿಳಿಯಬಾರದು. ಇಂಗ್ಲೆಂಡಿನ ಬಾಡ್ಮಿನ್ ಬಯಲಿನಲ್ಲಿ ಪರದೇಶದ ದೊಡ್ಡ ಬೆಕ್ಕೊಂದು ತಿರುಗುತ್ತಿದೆಯೆಂದು ಜನ ನಂಬಿದ್ದರು. 1995ರಲ್ಲಿ ಸರಕಾರ ವಿಚಾರಣೆ ನಡೆಸಿದಾಗ ದೃಢವಾದ ಸಾಕ್ಷ್ಯ ದೊರೆಯಲಿಲ್ಲ. ಅದೇ ವರ್ಷ ಅಲ್ಲಿಯ ನದಿಯಲ್ಲಿ ಚಿರತೆಯ ತಲೆಬುರುಡೆಯೊಂದು ಸಿಕ್ಕಿತು. ತಜ್ಞರು ಪರೀಕ್ಷಿಸಿ ನೋಡಿದರೆ, ಅದು ನೆಲಕ್ಕೆ ಹಾಸುವ ಚಿರತೆಯ ಚರ್ಮದಿಂದ ಬಂದದ್ದು!

ಆದರೆ ಅವರಿಗೂ ನಮಗೂ ಒಂದು ಭೇದವಿದೆ. ಇಂಗ್ಲೆಂಡಿಗೆ ಚಿರತೆ ಪರಕೀಯ. ನಮ್ಮ ನಾಡಿಗೆ ಅದು ಸ್ವಂತದ್ದು. ಬೆಂಗಳೂರಿನ ಸುತ್ತಣ ಕಲ್ಲುಗುಡ್ಡ, ಕುರುಚಲು ಕಾಡುಗಳು ಅದರ ಹಳೆಯ ಮನೆ. ಊರು ಬೆಳೆಯುತ್ತ ಅಲ್ಲಿಗೆ ಹೋದವರು ನಾವು. ಮನೆಯವನನ್ನೇ ಪರದೇಶಿಯೆಂದು ಕರೆದರೆ ಅವನ ಮೇಲೆ ಕಲ್ಲೆಸೆಯುವುದು ಸುಲಭವಾಗುತ್ತದೆ.

ಆದ್ದರಿಂದ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ: ಇಂಥ ಸುದ್ದಿ ಬಂದಾಗ ಗುಂಪು ಕಟ್ಟಿಕೊಂಡು ಹೋಗಬೇಡಿ; ಮಕ್ಕಳನ್ನೂ ನಾಯಿಗಳನ್ನೂ ಒಳಗೆ ಕರೆದುಕೊಂಡು, ಅರಣ್ಯ ಇಲಾಖೆಯ 1926 ಸಂಖ್ಯೆಗೆ ತಿಳಿಸಿ. ಆ ಸಂಜೆ ನಾವು ಇಷ್ಟನ್ನು ಮಾಡಿದ್ದರೆ ಒಂದು ಬಡಪ್ರಾಣಿಯ ಕಾಲು ಉಳಿಯುತ್ತಿತ್ತು. ಬೀರಿದ ಕಲ್ಲುಗಳಲ್ಲಿ ನನ್ನದೂ ಒಂದಿತ್ತು.